ಸಾಯೋ ಆಟಕ್ಕೆ ಎಷ್ಟು ಮಾರ್ಕ್ಸು?

ಮಗಳು ಆಡುವ ಆಟಕ್ಕೆ ಅಪ್ಪ ಇಟ್ಟ ಹೆಸರು ‘ಸಾಯೋ ಆಟ’. ಹೆಸರಿಡುವಾಗ ಅವರಿಗೆ ಕೋಪವೇನೂ ಇರಲಿಲ್ಲ. ರಾತ್ರಿ ಹತ್ತರ ಮೇಲೆ ಹುಳುಮನೆಯಲ್ಲಿ ಸೊಪ್ಪು ಹಾಕಿ, ಕೈಕಾಲು ತೊಳೆದು ನಡುಮನೆಗೆ ಬಂದರೆ ಅವರಿಗೆ ಕಾಣುತ್ತಿದ್ದುದು ಒಂದೇ ದೃಶ್ಯ. ಲ್ಯಾಪ್‌ಟಾಪಿನ ಪರದೆಯಲ್ಲಿ ಟೋಪಿ ಹಾಕಿದ ಪುಟ್ಟ ಮನುಷ್ಯನೊಬ್ಬ ಗುಹೆಗೆ ಇಳಿಯುತ್ತಾನೆ. ಹಾವು ಕಚ್ಚಿಯೋ, ಗೋಡೆಯಿಂದ ಹಾರಿದ ಬಾಣ ತಾಗಿಯೋ, ಚೂಪು ಮೊನೆಗಳ ಮೇಲೆ ಬಿದ್ದೋ ಸಾಯುತ್ತಾನೆ. ಮಗಳು ‘ಥತ್’ ಅನ್ನುತ್ತಾಳೆ. ಮತ್ತೆ ಮೊದಲಿಂದ ಶುರು.

‘ಅದೇನವ್ವ, ದಿನಾ ಸಾಯೋದೇ ಆಯ್ತಲ್ಲ ಇವ್ನು! ಗೆಲ್ಲೋದು ಯಾವಾಗ?’ ಎಂದು ಅಪ್ಪ ಕೇಳಿದರೆ, ‘ಗೊತ್ತಿಲ್ಲಪ್ಪ, ಇನ್ನೂ ಒಂದ್ಸಲನೂ ಗೆದ್ದಿಲ್ಲ’ ಎಂದು ಮಗಳ ಉತ್ತರ.

ಊರು ಕನಕಪುರ ತಾಲ್ಲೂಕಿನದು. ಕನಕಪುರದಲ್ಲೂ ಗೂಡಿನ ಮಾರುಕಟ್ಟೆ ಇದೆ, ಆದರೆ ಈ ಮನೆಯ ಗೂಡು ಹೋಗುವುದು ರಾಮನಗರಕ್ಕೆ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೊಸ ಹೆಸರು ಬಂತು. ಹುಳುಗಳ ಹಸಿವೇನೂ ಅದರಿಂದ ಕಡಿಮೆಯಾಗಲಿಲ್ಲ. ಅಜ್ಜಿ ಮಾಗಡಿ ಕಡೆಯವರು, ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಸೀಮೆಯಿಂದ ಬಂದವರು. ಸೋದರಮಾವ ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕೂತು ಆಲೆ ಮರದಲ್ಲಿ ಆಟಿಕೆ ಮಾಡುವವರು. ಲ್ಯಾಪ್‌ಟಾಪು ಅವರ ಮಗ ಬಳಸಿ ಬಿಟ್ಟದ್ದು. ಹೊಸ ಆಟ ಯಾವುದನ್ನು ಹಾಕಿದರೂ ಅದು ಉಸಿರುಗಟ್ಟಿ ನಿಲ್ಲುತ್ತಿತ್ತು. ಹಾಗಾಗಿ ಬಿ.ಸಿ.ಎ. ಎರಡನೇ ವರ್ಷದ ಹುಡುಗಿಗೆ ದಕ್ಕಿದ್ದು 2008ರ ಒಂದು ಪುಕ್ಕಟೆ ಆಟ: ‘ಸ್ಪೆಲಂಕಿ’.

ಇದನ್ನು ಮಾಡಿದವರು ಡೆರೆಕ್ ಯು ಎಂಬ ಅಮೆರಿಕದ ಕಲಾವಿದ. ದೊಡ್ಡ ಕಂಪನಿಯಿಲ್ಲ, ನೂರಾರು ನೌಕರರಿಲ್ಲ. ಒಬ್ಬರೇ ಕೂತು ಮಾಡಿ, ಬೇಕಾದವರು ಆಡಿಕೊಳ್ಳಲಿ ಎಂದು ಬಿಟ್ಟದ್ದು. ಇಂಥ ಸ್ವತಂತ್ರ ಕೆಲಸಕ್ಕೆ ‘ಇಂಡಿ’ ಆಟ ಎನ್ನುತ್ತಾರೆ. ಆಮೇಲೆ ಒಂದಿಬ್ಬರು ಜೊತೆಗೂಡಿ ಅದನ್ನೇ ಅಂದಗೊಳಿಸಿ 2012ರಲ್ಲಿ ಎಕ್ಸ್‌ಬಾಕ್ಸ್ ಯಂತ್ರಕ್ಕೂ 2013ರಲ್ಲಿ ಕಂಪ್ಯೂಟರಿಗೂ ಮಾರಾಟಕ್ಕೆ ತಂದರು.

ಈ ಜಾತಿಯ ಆಟಗಳಿಗೆ ‘ರೋಗ್‌ಲೈಕ್’ ಎಂಬ ವಿಚಿತ್ರ ಹೆಸರಿದೆ. ಅದು ರೋಗಕ್ಕೆ ಸಂಬಂಧಿಸಿದ್ದಲ್ಲ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಟಾಯ್, ಗ್ಲೆನ್ ವಿಕ್‌ಮನ್ ಎಂಬ ಇಬ್ಬರು ವಿದ್ಯಾರ್ಥಿಗಳು ‘ರೋಗ್’ ಎಂಬ ಆಟ ಬರೆದರು. ಕೆನ್ ಆರ್ನಾಲ್ಡ್ ಆಮೇಲೆ ಸೇರಿಕೊಂಡರು. ಚಿತ್ರವೇ ಇಲ್ಲದ ಆಟ ಅದು. ಈಗ ಈಮೇಲ್ ವಿಳಾಸದ ನಡುವೆ ಬರುವ ಸುರುಳಿ ಚಿಹ್ನೆಯೇ ಅದರ ನಾಯಕ, ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳೇ ರಾಕ್ಷಸರು. ಅಂದಿನ ಸಾಹಸದ ಆಟಗಳಲ್ಲಿ ಒಗಟು ಒಮ್ಮೆ ಬಿಡಿಸಿದರೆ ಮುಗಿಯಿತು, ಎರಡನೇ ಸಲ ಆಡಲು ಏನೂ ಉಳಿಯುತ್ತಿರಲಿಲ್ಲ. ಬರೆದವನನ್ನೇ ಬೆಚ್ಚಿಬೀಳಿಸುವ ಆಟ ಬೇಕು ಎಂದು ಇವರು ಹಟ ಹಿಡಿದರು. ಪ್ರತಿ ಸಲವೂ ನೆಲಮಾಳಿಗೆಯ ನಕ್ಷೆಯನ್ನು ಕಂಪ್ಯೂಟರೇ ಹೊಸದಾಗಿ ಕಲಸಿ ಹಾಕುತ್ತದೆ. ಸತ್ತರೆ ಸತ್ತಂತೆಯೇ, ಕೂಡಿಟ್ಟದ್ದೆಲ್ಲ ಹೋಗುತ್ತದೆ. ಉಳಿಯುವುದು ಆಡಿದವನ ತಲೆಯೊಳಗೆ ಸೇರಿದ ತಿಳಿವಳಿಕೆ ಮಾತ್ರ.

ಇದನ್ನೆಲ್ಲ ಮೊಮ್ಮಗಳು ಒಂದು ಸಂಜೆ ಅಜ್ಜಿಗೆ ವಿವರಿಸಿದಳು. ಅಜ್ಜಿ ಅಡಿಕೆ ಕತ್ತರಿಸುತ್ತಲೇ ಕೇಳಿಸಿಕೊಂಡು, ‘ಚೌಕಾಬಾರದಾಗೂ ಅಷ್ಟೆಯಾ. ಕವಡೆ ಏನ್ ಬೀಳ್ತದೋ ಯಾರಿಗ್ ಗೊತ್ತು? ಕಾಯಿ ಕಡುದ್ರೆ ಮನೆಗೆ. ಅದಕ್ಯಾಕವ್ವ ಕರೆಂಟು?’ ಎಂದುಬಿಟ್ಟರು. ಆಟದ ವಿಮರ್ಶೆ ಇಷ್ಟು ಚುಟುಕಾಗಿ ಎಲ್ಲೂ ಬಂದಿರಲಾರದು. ಚೌಕಾಬಾರದಲ್ಲಿ ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿಗೆ ‘ಹಣ್ಣಾಯಿತು’ ಎನ್ನುತ್ತಾರೆ. ಗೂಡು ಕಟ್ಟಲು ಸಿದ್ಧವಾದ ರೇಷ್ಮೆ ಹುಳುವಿಗೂ ಈ ಸೀಮೆಯಲ್ಲಿ ಅದೇ ಮಾತು. ಹಣ್ಣಾಗುವ ತನಕ ಎರಡಕ್ಕೂ ಭರವಸೆಯಿಲ್ಲ.

ಹೊರಗಿನ ವಿಮರ್ಶಕರು ಸ್ಪೆಲಂಕಿಯನ್ನು ಕೈಚಾಚಿ ಬರಮಾಡಿಕೊಂಡರು ಎನ್ನಬೇಕು. 2012ರ ಸ್ವತಂತ್ರ ಆಟಗಳ ಉತ್ಸವದಲ್ಲಿ ವಿನ್ಯಾಸದ ಪ್ರಶಸ್ತಿ ಅದಕ್ಕೇ ಬಂತು. ‘ಪಿಸಿ ಗೇಮರ್’ ಪತ್ರಿಕೆ ಅದನ್ನು 2013ರ ವರ್ಷದ ಆಟ ಎಂದು ಆರಿಸಿತು. ಬೇರೆ ಬೇರೆ ಪತ್ರಿಕೆಗಳ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಪದ್ಧತಿ ಆ ಲೋಕದಲ್ಲಿದೆ. ಅಲ್ಲಿ ಇದಕ್ಕೆ ನೂರಕ್ಕೆ ತೊಂಬತ್ತರ ಆಸುಪಾಸು. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ತಂದರೆ ಬೀದಿಗೆಲ್ಲ ಸಿಹಿ ಹಂಚುವಂಥ ಅಂಕ.

ಹೊಗಳಿದವರೂ ಗೊಣಗಿದವರೂ ತಡವರಿಸಿದ್ದು ಒಂದೇ ಪ್ರಶ್ನೆಯ ಮುಂದೆ. ಇಷ್ಟೊಂದು ಸಲ ಸಾಯಿಸುವ ಆಟ ನ್ಯಾಯವಾದದ್ದೇ? ಕೆಲವರು ಇದು ಬರೀ ಅದೃಷ್ಟ ಎಂದರು. ಮೆಚ್ಚಿದವರು, ಸಾವು ಪ್ರತಿ ಸಲವೂ ಆಡುವವನ ತಪ್ಪೇ, ಹಿಂದಿರುಗಿ ನೋಡಿದರೆ ಎಲ್ಲಿ ಅವಸರಪಟ್ಟೆವೆಂಬುದು ಕಾಣುತ್ತದೆ ಎಂದರು. ಈ ಎರಡನೇ ಮಾತಿಗೆ ಆಧಾರವಿದೆ. ಗುಹೆಯ ಪ್ರತಿ ಹಂತವೂ ನಾಲ್ಕು ಸಾಲು, ನಾಲ್ಕು ಕಂಬದ ಹದಿನಾರು ಕೋಣೆಗಳ ಪಟ್ಟಿ. ಕಂಪ್ಯೂಟರು ಮೊದಲು ಮೇಲಿನ ಬಾಗಿಲಿನಿಂದ ಕೆಳಗಿನ ಬಾಗಿಲಿಗೆ ಒಂದು ದಾರಿ ಗುರುತಿಸಿಕೊಳ್ಳುತ್ತದೆ, ಆ ದಾರಿ ಎಂದೂ ಮುಚ್ಚಿಹೋಗದಂತೆ ಕೋಣೆಗಳನ್ನು ಜೋಡಿಸುತ್ತದೆ, ಉಳಿದ ಕಡೆ ಮನಬಂದಂತೆ ತುಂಬುತ್ತದೆ. ಹಗ್ಗ, ಬಾಂಬು ಎರಡೂ ಮುಗಿದರೂ ಹೊರಬೀಳುವ ದಾರಿ ಒಂದಿರುತ್ತದೆ. ಡೆರೆಕ್ ಯು 2016ರಲ್ಲಿ ಈ ಆಟದ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಪ್ರೋಗ್ರಾಮಿಂಗ್ ಕಲಿಯುವ ಹುಡುಗರಿಗೆ ಈ ಹದಿನಾರು ಕೋಣೆಯ ಉಪಾಯ ಪಠ್ಯದ ಹತ್ತು ಪುಟಕ್ಕಿಂತ ಬೇಗ ತಲೆಗೆ ಹೋದೀತು.

ಒಗಟುಗಳೂ ಇವೆ, ಅವು ಹೊರಗೆ ಕಾಣುವುದಿಲ್ಲ. ಗಣಿಯ ಹಂತದಲ್ಲಿ ಬೀಗದ ಕೈ ಹುಡುಕಿ ಪೆಟ್ಟಿಗೆ ತೆರೆದರೆ ಒಂದು ಕಣ್ಣು ಸಿಗುತ್ತದೆ. ಆ ಕಣ್ಣು ಕಾಡಿನ ಹಂತದ ಗುಪ್ತ ಸಂತೆಯನ್ನು ತೋರಿಸುತ್ತದೆ. ಅಲ್ಲಿ ಕೊಳ್ಳುವ ತಾಯಿತ ಒಂದೇ ಒಂದು ಸಲ ಸತ್ತವನನ್ನು ಬದುಕಿಸುತ್ತದೆ. ಮುಂದೆ ಒಂದು ಕಡೆ, ಅದನ್ನು ಹಾಕಿಕೊಂಡು ಬೇಕೆಂದೇ ಸಾಯಬೇಕು. ಆಗ ಬಾಗಿಲೇ ಇಲ್ಲದ ಕಲ್ಲಿನೊಳಗೆ ಎಚ್ಚರವಾಗುತ್ತದೆ. ಹೀಗೆ ಒಂದಕ್ಕೊಂದು ಕೊಂಡಿ ಕೂಡಿಸಿದವನಿಗೆ ಚಿನ್ನದ ನಗರ. ಇದನ್ನು ಆಟ ಎಲ್ಲೂ ಹೇಳಿಕೊಡುವುದಿಲ್ಲ. 2012ರ ಆವೃತ್ತಿಯಲ್ಲಿ ಯಾವ ಉಪಯೋಗಕ್ಕೂ ಬಾರದ ಒಂದು ಬದನೆಕಾಯಿ ಕೂಡ ಅಡಗಿದೆ. ಅದನ್ನು ಜತನವಾಗಿ ಕೊನೆಯವರೆಗೆ ಹೊತ್ತೊಯ್ದು ಕೊನೆಯ ರಾಕ್ಷಸನ ಮೇಲೆಸೆದರೆ ಅವನ ಮುಖವೇ ಬದನೆಕಾಯಿಯಾಗುತ್ತದೆ! ಒಂಟಿಯಾಗಿ ಅದು ಆಗದ ಕೆಲಸ ಎಂದು ಆಡುವವರೆಲ್ಲ ನಂಬಿದ್ದರು. 2013ರಲ್ಲಿ ಒಬ್ಬ ಆಟಗಾರ ಮಾಡಿ ತೋರಿಸಿದ. ನಾಲ್ಕು ದಿನದಲ್ಲಿ ಆಡಿ ಬರೆದುಕೊಡಬೇಕಾದ ವಿಮರ್ಶಕನಿಗೆ ಇಂಥದ್ದು ಕಣ್ಣಿಗೆ ಬೀಳುವುದು ಕಷ್ಟ. ಅಂಕ ಕೊಟ್ಟು ಮುಗಿದ ಮೇಲೆ ಆಟ ತನ್ನ ಹೊಟ್ಟೆಯೊಳಗಿನದನ್ನು ತೋರಿಸತೊಡಗಿತು.

ಆ ಕೊನೆಯ ರಾಕ್ಷಸನ ಹೆಸರು ಯಮ. ದಾರಿಯಲ್ಲಿ ಸಿಗುವ ಬಲಿಪೀಠ ಕಾಳಿಯದು. ಗುಹೆಯಲ್ಲಿ ಸಿಕ್ಕಿಕೊಂಡು ಕಿರುಚುವ ಹೆಂಗಸನ್ನು ಹೊತ್ತು ಬಾಗಿಲಿಗೆ ಮುಟ್ಟಿಸಿದರೆ ಪ್ರಾಣ ಒಂದಿಷ್ಟು ಹೆಚ್ಚುತ್ತದೆ. ಅವಳನ್ನೇ ಕಾಳಿಯ ಪೀಠದ ಮೇಲೆ ಹಾಕಿದರೆ ದೇವಿ ಪ್ರಸನ್ನಳಾಗಿ ಬಹುಮಾನ ಕೊಡುತ್ತಾಳೆ. ಹೆಂಗಸನ್ನು ಮೂಟೆಯಂತೆ ಹೊರುವುದರ ಬಗ್ಗೆ ಹೊರಗಿನ ವಿಮರ್ಶಕರಲ್ಲಿ ಚರ್ಚೆಯಾಗಿದೆ. 2012ರ ಆವೃತ್ತಿಯಲ್ಲಿ ಅವಳ ಬದಲು ಗಂಡಸನ್ನೋ ನಾಯಿಮರಿಯನ್ನೋ ಆರಿಸಿಕೊಳ್ಳುವ ಅವಕಾಶವನ್ನೂ ಕೊಟ್ಟರು. ಕಾಳಿಯ ವಿಚಾರ ಮಾತ್ರ ಹುಡುಗಿ ಓದಿದ ಯಾವ ವಿಮರ್ಶೆಯಲ್ಲೂ ಬಂದಿರಲಿಲ್ಲ. ಅವರಿಗೆ ಅದು ಗುಹೆಯ ಅಲಂಕಾರಗಳಲ್ಲಿ ಇನ್ನೊಂದು. ಅಜ್ಜಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿಕೊಂಡು ನೋಡಿ, ‘ನಮ್ ಕಾಳವ್ವ ಇಂಗಿಲ್ಲ. ಯಾರೋ ಕೇಳ್ಕಂಡು ಬರೆದವ್ರೆ’ ಎಂದರು. ಸಿಟ್ಟಿರಲಿಲ್ಲ, ದೂರದ ನೆಂಟರ ಮದುವೆಯ ಊಟದ ಬಗ್ಗೆ ಹೇಳುವ ಧಾಟಿ. ಇಲ್ಲಿನವರೇ ಮಾಡಿದರೆ ಹೇಗಿರುತ್ತದೆ ಎಂಬುದಕ್ಕೆ ಹೈದರಾಬಾದಿನ ‘ಓಗರ್ ಹೆಡ್’ ಎಂಬ ಪುಟ್ಟ ತಂಡದ ‘ಅಸುರ’ ಇದೆ. 2017ರಲ್ಲಿ ಬಂದದ್ದು, ಇದೇ ಜಾತಿಯ ಕತ್ತಿವರಸೆಯ ಆಟ. ಪುರಾಣದಲ್ಲಿ ಸಾಯಲೆಂದೇ ಹುಟ್ಟಿದ ಅಸುರನೇ ಅಲ್ಲಿ ನಾಯಕ, ಅವನು ಕಲಿಯುವ ವಿದ್ಯೆಗಳ ಮರವೂ ಪ್ರತಿ ಸಲ ಬೇರೆ ಬೇರೆಯಾಗಿ ಚಿಗುರುತ್ತದೆ. ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಅದು ಓಡಲಿಲ್ಲ.

ಆ ವರ್ಷ ಮಳೆಗಾಲದ ಬೆಳೆ ಮನೆಯವರಿಗೆಲ್ಲ ನೆನಪಿದೆ. ನೂರು ಮೊಟ್ಟೆಯ ಚಾಕಿ ತಂದಿದ್ದರು. ನೂರು ಮೊಟ್ಟೆ ಎಂದರೆ ನಲವತ್ತು ಸಾವಿರಕ್ಕೂ ಮೇಲೆ ಹುಳು. ರೇಷ್ಮೆ ಹುಳು ನಾಲ್ಕು ಸಲ ಊಟ ಬಿಟ್ಟು ಮಲಗಿ ಪೊರೆ ಕಳಚುತ್ತದೆ. ರೈತರು ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ನೋಡಿದವರಿಗೇ ಗೊತ್ತು. ಹುಟ್ಟಿನಿಂದ ಗೂಡಿನವರೆಗೆ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಈ ಕೊನೆಯ ವಾರದಲ್ಲೇ. ಹುಳುಮನೆಯೊಳಗೆ ಮಳೆ ಹೊಯ್ದಂಥ ಸದ್ದು. ಮನೆಯವರ ನಿದ್ದೆ, ಕೂಲಿ, ಸಾಲದ ದುಡ್ಡು ಎಲ್ಲವೂ ಆ ಹೊತ್ತಿಗೆ ಹುಳುವಿನ ಹೊಟ್ಟೆ ಸೇರಿರುತ್ತದೆ. ಅಂಥ ಹೊತ್ತಿನಲ್ಲಿ ಅಪ್ಪ ಒಂದು ಬೆಳಿಗ್ಗೆ ತಟ್ಟೆಯ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ಹರಿದಾಡುವ, ಮೈ ಊದಿ ಹೊಳೆಯುವ ಹುಳುಗಳನ್ನು ಕಂಡರು. ಮುಟ್ಟಿದರೆ ಒಡೆದು ಹಾಲಿನಂಥ ನೀರು. ಹಾಲುತೊಂಡೆ. ಮೂರು ದಿನದಲ್ಲಿ ಮುಕ್ಕಾಲು ಪಾಲು ಹೋಯಿತು. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು.

ಆ ರಾತ್ರಿ ಮಗಳು ಸಮಾಧಾನ ಹೇಳಲು ಹೋಗಿ, ‘ಆಟದಲ್ಲೂ ಇಂಗೇ ಕಣಪ್ಪ. ಎಲ್ಲಾ ಹೋದ್ರೂ ಕಲ್ತಿದ್ದು ಉಳೀತದೆ, ಮತ್ತೆ ಶುರು ಮಾಡಾದು’ ಎಂದಳು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಿನ್ ಆಟದಲ್ಲಿ ಸಾಲ ಐತಾ?’ ಎಂದು ಕೇಳಿದರು.

ಅವಳಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯುವಂಥದ್ದೂ ಅಲ್ಲ. ಸೋಲು ಕಲಿಸುತ್ತದೆ ಎಂಬ ಮಾತು ಆಟದ ವಿಮರ್ಶೆಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಮಕ್ಕಳಿಗೆ ಭಾಷಣ ಮಾಡುವವರ ಬಾಯಲ್ಲೂ ಸಿಗುತ್ತದೆ. ಸೋಲಿಗೆ ಬೆಲೆ ಕಟ್ಟಬೇಕಿಲ್ಲದ ಕಡೆ ಮಾತ್ರ ಆ ಮಾತು ಸಲೀಸು. ಒಂದು ಗುಂಡಿ ಒತ್ತಿದರೆ ಹೊಸ ಜೀವ ಬರುವ ಲೋಕಕ್ಕೂ, ಹೊಸ ಚಾಕಿಗೆ ಮುಂಗಡ ಕೊಡಬೇಕಾದ ಲೋಕಕ್ಕೂ ನಡುವಿನ ಅಂತರವನ್ನು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ. ಆದರೂ ಅಪ್ಪ ಮರುದಿನ ಮಾಡಿದ ಕೆಲಸ ನೋಡಿ. ಹುಳುಮನೆಯ ತಟ್ಟೆಗಳನ್ನೆಲ್ಲ ಹೊರಗೆಳೆದು, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಗೋಡೆ, ನೆಲ, ಸೂರು ತೊಳೆದರು. ಹಿಂದಿನ ಬೆಳೆಯಲ್ಲಿ ಯಾವ ಮೂಲೆ ಬಿಟ್ಟಿದ್ದರೋ ಆ ಮೂಲೆಯನ್ನು ಎರಡು ಸಲ. ಅದನ್ನು ಕಲಿಕೆ ಎಂದು ಅವರು ಕರೆಯಲಿಲ್ಲ, ಅಷ್ಟೇ.

ಕಾಲೇಜಿನ ಭಿತ್ತಿಪತ್ರಿಕೆಗೆ ಮಗಳು ಆಟದ ವಿಮರ್ಶೆ ಬರೆದದ್ದು ಇದಾದ ಮೇಲೆ. ಮೊದಲ ಕರಡಿನಲ್ಲಿ ‘ನಿರ್ದಯ’ ಎಂಬ ಪದ ನಾಲ್ಕು ಕಡೆ ಇತ್ತು. ಇಂಗ್ಲಿಷ್ ವಿಮರ್ಶೆಗಳಲ್ಲಿ ಈ ಆಟಕ್ಕೆ ತಪ್ಪದೆ ಅಂಟಿಸುವ ವಿಶೇಷಣ ಅದು. ನಾಲ್ಕನ್ನೂ ಹೊಡೆದುಹಾಕಿ ‘ಕಷ್ಟ’ ಎಂದು ಬರೆದಳು. ಕಾಳಿಯ ಬಗ್ಗೆ ಒಂದು ಪ್ಯಾರಾ, ಹದಿನಾರು ಕೋಣೆಯ ಬಗ್ಗೆ ಒಂದು, ಅಜ್ಜಿಯ ಚೌಕಾಬಾರದ ಮಾತು ಇದ್ದಂತೆಯೇ. ಕೊನೆಗೆ ಅಂಕಕ್ಕೆಂದು ಚೌಕ ಬರೆದು ಖಾಲಿ ಬಿಟ್ಟಳು.

ಕನ್ನಡ ಮೇಷ್ಟ್ರು ಓದಿ, ‘ಭಾಷೆ ಚೆನ್ನಾಗಿದೆ. ಆದರೆ ಆಟಕ್ಕೂ ವಿಮರ್ಶೆ ಅಂತ ಇರುತ್ತೇನಮ್ಮ?’ ಎಂದು ವಿಚಾರಿಸಿದರು. ಕುಹಕವಲ್ಲ, ನಿಜವಾದ ಸಂಶಯ. 2021ರಲ್ಲಿ ‘ಹೇಡೀಸ್’ ಎಂಬ ಇದೇ ಜಾತಿಯ ಆಟಕ್ಕೆ ಹ್ಯೂಗೋ ಪ್ರಶಸ್ತಿ ಬಂತೆಂದೂ, ಹ್ಯೂಗೋ ಎಂದರೆ ವಿಜ್ಞಾನ ಕಾದಂಬರಿಗಳಿಗೆ ಕೊಡುವ ಹೆಸರಾಂತ ಪ್ರಶಸ್ತಿಯೆಂದೂ ಅವಳು ಹೇಳಿದಳು. ಮೇಷ್ಟ್ರು ‘ಹೌದೇ?’ ಎಂದು ಕನ್ನಡಕ ತೆಗೆದರು. ಸಿನಿಮಾಕ್ಕೂ ಒಂದು ಕಾಲದಲ್ಲಿ ಇದೇ ಪ್ರಶ್ನೆ ಕೇಳುತ್ತಿದ್ದರಲ್ಲವೇ? ಊರ ಪಕ್ಕದ ರಾಮನಗರದ ಬಂಡೆಗಳಲ್ಲಿ ಚಿತ್ರೀಕರಣವಾದ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡಾಗ ಅನೇಕ ವಿಮರ್ಶಕರು ಮೂಗು ಮುರಿದಿದ್ದರು. ಆಮೇಲೆ ಅದು ಮುಂಬಯಿಯ ಮಿನರ್ವದಲ್ಲಿ ಐದು ವರ್ಷ ಓಡಿತು.

ಅಪ್ಪ-ಅಮ್ಮಂದಿರ ಹೆದರಿಕೆ ಬೇರೆಯೇ, ಅದನ್ನು ತಳ್ಳಿಹಾಕುವಂತಿಲ್ಲ. ಪಕ್ಕದೂರಿನ ಹುಡುಗನೊಬ್ಬ ಮೊಬೈಲಿನಲ್ಲಿ ರಮ್ಮಿಯಾಡಿ ಗೂಡಿನ ದುಡ್ಡು ಕಳೆದಿದ್ದ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಸುದ್ದಿ ಟಿ.ವಿ.ಯಲ್ಲಿ ಬಂದಾಗ ಅಮ್ಮ, ‘ನಿಂದೂ ನಿಂತೋಯ್ತದಾ?’ ಎಂದು ಕೇಳಿದರು. ದುಡ್ಡು ಕಟ್ಟಿ ಗೆಲ್ಲುವುದಕ್ಕೂ ಸುಮ್ಮನೆ ಆಡುವುದಕ್ಕೂ ಇರುವ ವ್ಯತ್ಯಾಸ ತಿಳಿದವರಿಗೂ ತೊಡಕಾಗುತ್ತದೆ. 2024ರಲ್ಲಿ ಬಂದ ‘ಬಲಾಟ್ರೊ’ ಎಂಬ ಇಸ್ಪೀಟಿನ ರೋಗ್‌ಲೈಕ್ ಆಟವನ್ನು ವಿಮರ್ಶಕರು ತಲೆಯ ಮೇಲೆ ಹೊತ್ತು ಕುಣಿದರು. ವರ್ಷದ ಕೊನೆಯ ಪ್ರಶಸ್ತಿಗಳಲ್ಲಿ ಮೂರು ಅದಕ್ಕೆ ಬಂದವು. ಯೂರೋಪಿನ ವಯೋಮಿತಿ ಮಂಡಳಿ ಮಾತ್ರ ಇಸ್ಪೀಟು ಕಂಡದ್ದೇ ತಡ, ಹದಿನೆಂಟು ತುಂಬಿದವರಿಗೆ ಮಾತ್ರ ಎಂದು ಮುದ್ರೆ ಒತ್ತಿತು. ಅದರಲ್ಲಿ ಒಂದು ಕಾಸಿನ ಜೂಜೂ ಇಲ್ಲ. ಮೇಲ್ಮನವಿ ಹೋದ ಮೇಲೆ 2025ರ ಫೆಬ್ರವರಿಯಲ್ಲಿ ಹನ್ನೆರಡಕ್ಕೆ ಇಳಿಸಿದರು. ಮಕ್ಕಳ ಆಟ ಏನೆಂದು ತಂದೆ ತಾಯಿಗೆ ತಿಳಿಯಬೇಕಾದರೆ ಮುದ್ರೆಯನ್ನೋ ಅಂಕವನ್ನೋ ನೋಡುವುದಕ್ಕಿಂತ ಅರ್ಧ ಗಂಟೆ ಪಕ್ಕದಲ್ಲಿ ಕೂರುವುದು ಮೇಲು. ಹುಳು ಆರೋಗ್ಯವಾಗಿದೆಯೇ ಎಂದು ತಿಳಿಯಲು ಯಾರೂ ಹುಳುಮನೆಯ ಬಾಗಿಲಲ್ಲೇ ನಿಲ್ಲುವುದಿಲ್ಲವಲ್ಲ.

ಮುಂದಿನ ಬೆಳೆ ಕೈಗೆ ಹತ್ತಿತು. ಗೂಡು ಬಿಡಿಸಿ ರಾಮನಗರಕ್ಕೆ ಒಯ್ದ ದಿನ ಮಗಳಿಗೆ ರಜೆಯಿತ್ತು, ಅವಳೂ ಹೋದಳು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ಮೊದಲು ಕೂಗಿ ಹರಾಜು ಹಾಕುತ್ತಿದ್ದರು, ಈಗ ರೀಲರುಗಳು ಮೊಬೈಲಿನಲ್ಲೇ ಬೆಲೆ ಒತ್ತುತ್ತಾರೆ. ಒತ್ತುವ ಮುಂಚೆ ಮಾತ್ರ ಕೈಯ ಕೆಲಸ ಹಳೆಯದೇ. ಒಬ್ಬರು ಬಂದು ಹಿಡಿ ಗೂಡು ಎತ್ತಿ ಅಮುಕಿ ನೋಡಿದರು, ಇನ್ನೊಬ್ಬರು ಕಿವಿಯ ಹತ್ತಿರ ಅಲ್ಲಾಡಿಸಿದರು, ಮೂರನೆಯವರು ರಾಶಿಯ ತಳಕ್ಕೆ ಕೈ ಹಾಕಿ ಕಲೆಯಾದ ಎರಡನ್ನು ಹೊರತೆಗೆದು ಮೇಲಿಟ್ಟು ಹೋದರು. ಯಾರೂ ಒಂದು ಮಾತಾಡಲಿಲ್ಲ. ಅರ್ಧ ಗಂಟೆಯಲ್ಲಿ ಫಲಕದ ಮೇಲೆ ಬೆಲೆ ಬಂತು, ಹಿಂದಿನ ದಿನದ ಸರಾಸರಿಗಿಂತ ಹತ್ತು ರೂಪಾಯಿ ಕಡಿಮೆ.

‘ಯಾಕ್ ಕಮ್ಮಿ ಅಂತ ಹೇಳಲ್ವಾಪ್ಪ?’

‘ಹೇಳಲ್ಲ. ನಾವೇ ತಿಳ್ಕಬೇಕು’ ಎಂದರು ಅಪ್ಪ. ಮುಂದಿನ ಸುತ್ತಿಗೆ ಕಾಯುವುದೋ ಬೇಡವೋ ಎಂದು ಯೋಚಿಸಿ, ಒಪ್ಪಿಗೆ ಕೊಟ್ಟರು. ಬಸ್ಸಿನಲ್ಲಿ ಬರುವಾಗ, ‘ನೀನು ಬರೆದಿದ್ದೀಯಲ್ಲ, ಅದ್ರಲ್ಲಿ ಯಾಕೆ ಅಂತ ಬರೆದಿದ್ದೀಯಾ?’ ಎಂದು ಕೇಳಿದರು. ಬರೆದಿದ್ದೇನೆ ಎಂದಳು. ‘ಅಂಗಾರೆ ಸರಿ.’

ಸೋದರಮಾವನ ಅನುಭವ ಇನ್ನೊಂದು ತರದ್ದು. ಚನ್ನಪಟ್ಟಣದ ಆಟಿಕೆಗೆ ಹೊಗಳಿಕೆಯ ಕೊರತೆ ಎಂದೂ ಆಗಿಲ್ಲ. ಭೌಗೋಳಿಕ ಗುರುತು ಸಿಕ್ಕಿದೆ, 2020ರ ಆಗಸ್ಟಿನಲ್ಲಿ ಪ್ರಧಾನಿಯವರ ರೇಡಿಯೊ ಭಾಷಣದಲ್ಲೂ ಹೆಸರು ಬಂತು. ‘ಹೊಗಳೋರು ಒಂದು ಬುಗುರಿ ತಗೊಂಡ್ ಹೋದ್ರೆ ಸಾಕಿತ್ತು ಮಗ’ ಎಂದು ಅವರು ನಗುತ್ತಾರೆ. ಹುಡುಗಿಗೆ ಆಟ ಮಾಡುವ ವಿದ್ಯೆಯನ್ನೇ ಓದಬೇಕೆಂಬ ಆಸೆ. ಬೆಂಗಳೂರಿನಲ್ಲಿ ಅಂಥ ಕೆಲಸ ಇಲ್ಲವೆಂದಲ್ಲ. 1997ರಲ್ಲೇ ಅಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾಗಿತ್ತು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಅನಿಮೇಷನ್, ಆಟಗಳ ಉದ್ಯಮಕ್ಕೆಂದು ರಾಜ್ಯ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ತಂದಿದೆ. ಅಪ್ಪ ಬ್ಯಾಂಕಿನ ಪರೀಕ್ಷೆ ಕಟ್ಟು ಎನ್ನುತ್ತಾರೆ. ಮಾತು ಇನ್ನೂ ಮುಗಿದಿಲ್ಲ, ಎರಡು ಬೆಳೆಯಾದರೂ ಕಳೆಯಬೇಕು.

ಭಿತ್ತಿಪತ್ರಿಕೆ ಕಾಲೇಜಿನ ಮೆಟ್ಟಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಎರಡು ವಾರ ಇತ್ತು. ಪೆಟ್ಟಿಗೆಯ ಬೀಗ ಕೆಟ್ಟು ಬಹಳ ದಿನವಾಗಿದೆ. ಮೂರನೇ ದಿನ ಖಾಲಿ ಚೌಕದೊಳಗೆ ಯಾರೋ ಪೆನ್ಸಿಲಿನಲ್ಲಿ ಹತ್ತಕ್ಕೆ 6 ಎಂದು ಬರೆದಿದ್ದರು. ಮರುದಿನ ಅದರ ಕೆಳಗೆ ಇನ್ನೊಂದು ಕೈಬರಹ: ‘ಆಡಿದ್ದೀಯಾ?’